ಸಿ.ಡಿ.ಯಿಂದ ಗಣಕಕ್ಕೆ: ಸಂಗೀತದ ನಿಷ್ಠವಾದ ನಕಲು

ಒಂದು ಮನೆಯ ಕಪಾಟಿನಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಸಂಗೀತದ ಸಿ.ಡಿ.ಗಳು ಸಾಲಾಗಿ ಕುಳಿತಿವೆ ಎಂದು ಭಾವಿಸೋಣ. ಅವುಗಳನ್ನು ನುಡಿಸುತ್ತಿದ್ದ ಯಂತ್ರ ಕೆಟ್ಟು ಮೂಲೆಗೆ ಸೇರಿದೆ. ಹೊಸದಾಗಿ ಕೊಂಡ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಕಿಂಡಿಯೇ ಇಲ್ಲ. ಆ ಮನೆಯ ಕಾಲೇಜು ವಿದ್ಯಾರ್ಥಿಯೊಬ್ಬನು ಸ್ನೇಹಿತನಿಂದ ಹೊರಜೋಡಣೆಯ ಡ್ರೈವೊಂದನ್ನು ಎರವಲು ತಂದು, ಒಂದು ಭಾನುವಾರ ಕುಳಿತು ಮೂವತ್ತು ಸಿ.ಡಿ.ಗಳನ್ನೂ ಗಣಕಕ್ಕೆ ಇಳಿಸುತ್ತಾನೆ. ಪ್ರತಿಯೊಂದರ ಕೊನೆಗೂ ತಂತ್ರಾಂಶವು "ಮುಗಿಯಿತು" ಎಂದು ತಿಳಿಸುತ್ತದೆ. ಇನ್ನು ಸಿ.ಡಿ.ಗಳಿಂದೇನು ಪ್ರಯೋಜನವೆಂದು ಅವುಗಳನ್ನು ಹಳೆಯ ಸಾಮಾನಿನವನಿಗೆ ಕೊಟ್ಟುಬಿಡುತ್ತಾರೆ. ಆರು ತಿಂಗಳ ಮೇಲೆ ಒಂದು ಸಂಜೆ ಮನೆಯ ಹಿರಿಯರು ತಮಗೆ ಪ್ರಿಯವಾದ ರಾಗವೊಂದನ್ನು ಕೇಳುತ್ತ ಕುಳಿತಿರುವಾಗ, ಆಲಾಪನೆಯ ನಡುವೆ "ಟಿಕ್" ಎಂದು ಸದ್ದಾಗಿ ಸ್ವರವು ಒಂದು ಕ್ಷಣ ಮುಗ್ಗರಿಸುತ್ತದೆ. ಮೂಲವೋ ಕೈಬಿಟ್ಟು ಹೋಗಿದೆ. ಉಳಿದಿರುವುದು ಕುಂದುಳ್ಳ ನಕಲು ಮಾತ್ರ.

ತಪ್ಪು ಯಾರದು? ವಿದ್ಯಾರ್ಥಿಯು ಅವಸರಪಟ್ಟನೆನ್ನಬಹುದು. ಆದರೆ ಅವನು ಆರಿಸಿಕೊಂಡ ತಂತ್ರಾಂಶವು ಅವನಿಗೆ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ. "ಮುಗಿಯಿತು" ಎಂಬುದಕ್ಕೂ "ಸರಿಯಾಗಿ ಮುಗಿಯಿತು" ಎಂಬುದಕ್ಕೂ ಬಹಳ ಅಂತರವುಂಟು. ಸಿ.ಡಿ.ಯ ಸಂಗೀತವನ್ನು ಕಡತಗಳನ್ನಾಗಿ ಮಾರ್ಪಡಿಸುವ ತಂತ್ರಾಂಶಗಳು ಹಲವಾರು ಇವೆ. ಅವುಗಳ ಪೈಕಿ ಯಾವುದನ್ನು ಆರಿಸಬೇಕೆಂಬುದು ಅಂದಚೆಂದಗಳ ಅಥವಾ ವೇಗದ ಪ್ರಶ್ನೆಯಲ್ಲ. ತಾನು ಓದಿದ್ದು ಸರಿಯೆಂದು ಅದಕ್ಕೆ ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ. ಇದನ್ನು ಮನಗಾಣಬೇಕಾದರೆ ಮೊದಲು ಆ ತಟ್ಟೆಯ ಮೇಲೆ ಏನಿದೆ ಎಂಬುದನ್ನು ನೋಡಬೇಕು.

ತಟ್ಟೆಯ ಮೇಲೆ ಇರುವುದೇನು?

ಸಾಂದ್ರಮುದ್ರಿಕೆ, ಅಥವಾ ಎಲ್ಲರ ಬಾಯಲ್ಲಿರುವಂತೆ ಸಿ.ಡಿ., ಜಪಾನಿನ ಸೋನಿ ಮತ್ತು ಹಾಲೆಂಡಿನ ಫಿಲಿಪ್ಸ್ ಸಂಸ್ಥೆಗಳು ಕೂಡಿ ರೂಪಿಸಿದ ಸಾಧನ. ಅದರ ನಿಯಮಾವಳಿ ೧೯೮೦ರಲ್ಲಿ ಗೊತ್ತಾಯಿತು. ೧೯೮೨ರ ಅಕ್ಟೋಬರಿನಲ್ಲಿ ಅದು ಜಪಾನಿನ ಅಂಗಡಿಗಳಿಗೆ ಬಂದಿತು. ಅದರ ವ್ಯಾಸ ೧೨ ಸೆಂಟಿಮೀಟರ್, ದಪ್ಪ ೧.೨ ಮಿಲಿಮೀಟರ್. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಬಿಲ್ಲೆ, ಅದರ ಬೆನ್ನಿಗೆ ಅಲ್ಯೂಮಿನಿಯಮಿನ ತೆಳುವಾದ ಲೇಪ, ಅದರ ಮೇಲೊಂದು ರಕ್ಷಕ ಪದರ, ಎಲ್ಲಕ್ಕೂ ಮೇಲೆ ಹೆಸರು ಮತ್ತು ಚಿತ್ರ—ಇಷ್ಟೇ ಅದರ ರಚನೆ. ಆದರೆ ಲೋಹದ ಲೇಪವು ಅಂಟಿಕೊಂಡಿರುವ ಆ ಮುಖದಲ್ಲಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಹೋಗುವ ಸುರುಳಿಯಾಕಾರದ ಜಾಡೊಂದಿದೆ. ಆ ಜಾಡಿನ ಉದ್ದಕ್ಕೂ ಸೂಕ್ಷ್ಮವಾದ ಕುಳಿಗಳು. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ ಒಂದು ಮಿಲಿಮೀಟರಿನ ಸಾವಿರದಲ್ಲಿ ೧.೬ ಪಾಲು. ನಮ್ಮ ತಲೆಗೂದಲೊಂದನ್ನು ಅಡ್ಡಲಾಗಿ ಇಟ್ಟರೆ ಅದರ ದಪ್ಪದಲ್ಲಿ ಇಂಥ ಸುಮಾರು ನಾಲ್ವತ್ತು ಸುತ್ತುಗಳು ಅಡಗಿಹೋಗುತ್ತವೆ. ಆ ಸುರುಳಿಯನ್ನು ಬಿಡಿಸಿ ನೇರವಾಗಿ ಎಳೆಯಲು ಸಾಧ್ಯವಾದರೆ ಅದು ಐದು ಕಿಲೋಮೀಟರಿಗೂ ಹೆಚ್ಚು ಉದ್ದವಾದೀತು!

ಈ ಕುಳಿಗಳು ಹಾಡನ್ನು ನೇರವಾಗಿ ಹಿಡಿದಿಟ್ಟಿಲ್ಲ. ಅವು ಹಿಡಿದಿರುವುದು ಸಂಖ್ಯೆಗಳನ್ನು. ಧ್ವನಿಯೆಂಬುದು ವಾಯುವಿನ ಒತ್ತಡದಲ್ಲಿ ಆಗುವ ಏರಿಳಿತ. ಆ ಏರಿಳಿತವನ್ನು ಸೆಕೆಂಡಿಗೆ ೪೪,೧೦೦ ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ ೬೫,೫೩೬ ಮಟ್ಟಗಳಲ್ಲಿ ಒಂದೆಂದು ಗುರುತಿಸಿ, ೧೬ ಬಿಟ್‌ಗಳ ಸಂಖ್ಯೆಯಾಗಿ ಬರೆಯುತ್ತಾರೆ. ಇಂಥ ಒಂದೊಂದು ಅಳತೆಯನ್ನು "ಮಾದರಿ" ಎಂದು ಕರೆಯೋಣ. ಎಡಗಿವಿಗೊಂದು, ಬಲಗಿವಿಗೊಂದು ಎಂದು ಎರಡು ಸಾಲು ಮಾದರಿಗಳಿರುವುದರಿಂದ ಒಂದು ಸೆಕೆಂಡಿನ ಸಂಗೀತಕ್ಕೆ ೧೪,೧೧,೨೦೦ ಬಿಟ್‌ಗಳು ಬೇಕು. ೭೪ ನಿಮಿಷಗಳ ಒಂದು ಸಿ.ಡಿ.ಯಲ್ಲಿ ಇಂಥವು ಸುಮಾರು ೬೨೬ ಕೋಟಿ. ಈ ಸಂಖ್ಯೆಗಳೆಲ್ಲವೂ ಯಥಾವತ್ತಾಗಿ ಗಣಕಕ್ಕೆ ಬಂದರೆ ಆ ನಕಲಿಗೂ ಮೂಲಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಹಳೆಯ ಧ್ವನಿಸುರುಳಿಯಿಂದ ಮತ್ತೊಂದು ಸುರುಳಿಗೆ ನಕಲು ಮಾಡಿದಾಗಲೆಲ್ಲ ಧ್ವನಿಯು ಸ್ವಲ್ಪ ಮಾಸುತ್ತಿತ್ತು, ಇಲ್ಲಿ ಹಾಗಿಲ್ಲ. ಸಂಖ್ಯೆಗೆ ಮಾಸುವುದೆಂಬುದಿಲ್ಲ. ಅದು ಸರಿಯಾಗಿರುತ್ತದೆ, ಇಲ್ಲವೆ ತಪ್ಪಾಗಿರುತ್ತದೆ.

ತಪ್ಪನ್ನು ತಿದ್ದುವ ಬಗೆ

ಇಷ್ಟು ಸೂಕ್ಷ್ಮವಾದ ಕುಳಿಗಳನ್ನು ಲೇಸರ್ ಕಿರಣವೊಂದು ಓದಬೇಕು. ಓದುವಾಗ ತಟ್ಟೆಯು ನಿಮಿಷಕ್ಕೆ ಕೆಲವು ನೂರು ಸುತ್ತುಗಳಷ್ಟಾದರೂ ತಿರುಗುತ್ತಿರುತ್ತದೆ. ಗಣಕದ ಡ್ರೈವಿನಲ್ಲಂತೂ ಇದಕ್ಕಿಂತ ಎಷ್ಟೋ ಪಾಲು ವೇಗ. ಒಂದು ಧೂಳಿನ ಕಣ, ಒಂದು ಬೆರಳಿನ ಗುರುತು, ಒಂದು ಗೀರು—ಇವುಗಳಲ್ಲಿ ಯಾವುದಾದರೂ ಅಡ್ಡ ಬಂದರೆ ಸಾಲಾಗಿ ನೂರಾರು ಬಿಟ್‌ಗಳು ಅಳಿಸಿಹೋಗುತ್ತವೆ. ಆದರೂ ಸಾಮಾನ್ಯವಾದ ಸಿ.ಡಿ. ಚೆನ್ನಾಗಿಯೇ ನುಡಿಯುತ್ತದೆ. ಇದು ಹೇಗೆ?

ಒಂದು ಸಣ್ಣ ಉದಾಹರಣೆಯಿಂದ ಇದನ್ನು ತಿಳಿಯಬಹುದು. ೭, ೪, ೯ ಎಂಬ ಮೂರು ಸಂಖ್ಯೆಗಳನ್ನು ಬರೆದು ಅವುಗಳ ಜೊತೆಗೆ ಮೊತ್ತವಾದ ೨೦ನ್ನೂ ಬರೆದಿದ್ದೇವೆ ಎನ್ನೋಣ. ಮೊದಲಿನ ೭ರ ಮೇಲೆ ಶಾಯಿ ಚೆಲ್ಲಿತು. ಚಿಂತೆಯಿಲ್ಲ, ೨೦ರಿಂದ ೪ನ್ನೂ ೯ನ್ನೂ ಕಳೆದರೆ ೭ ಮರಳಿ ದೊರೆಯುತ್ತದೆ. ಆದರೆ ಶಾಯಿಯು ಹರಡಿಕೊಂಡು ಮೂರು ಸಂಖ್ಯೆಗಳನ್ನೂ ಮುಚ್ಚಿದರೆ? ಆಗ ಮೊತ್ತವೊಂದರಿಂದಲೇ ಏನೂ ಮಾಡಲಾಗದು. ಅದಕ್ಕೊಂದು ಉಪಾಯವಿದೆ. ಇಂಥ ಮೂರು ಪಂಕ್ತಿಗಳನ್ನು ತೆಗೆದುಕೊಳ್ಳೋಣ: ೭, ೪, ೯ ಮೊತ್ತ ೨೦, ೩, ೮, ೧ ಮೊತ್ತ ೧೨, ೫, ೨, ೬ ಮೊತ್ತ ೧೩. ಇವುಗಳನ್ನು ಪಂಕ್ತಿಯ ಪ್ರಕಾರ ಬರೆಯದೆ ಕಂಬದ ಪ್ರಕಾರ, ಅಂದರೆ ೭, ೩, ೫, ೪, ೮, ೨, ೯, ೧, ೬, ೨೦, ೧೨, ೧೩ ಎಂದು ಬರೆಯೋಣ. ಈಗ ಶಾಯಿಯು ಮೊದಲಿನ ಮೂರು ಸಂಖ್ಯೆಗಳನ್ನೂ ನುಂಗಿದರೂ ಪ್ರತಿಯೊಂದು ಪಂಕ್ತಿಯೂ ಒಂದೊಂದನ್ನು ಮಾತ್ರ ಕಳೆದುಕೊಂಡಿರುತ್ತದೆ. ಮೂರನ್ನೂ ಲೆಕ್ಕಹಾಕಿ ತೆಗೆಯಬಹುದು. ದೊಡ್ಡ ನಷ್ಟವೊಂದನ್ನು ಹಲವು ಸಣ್ಣ ನಷ್ಟಗಳನ್ನಾಗಿ ಹಂಚಿದುದರ ಫಲ ಇದು.

ಸಿ.ಡಿ.ಯಲ್ಲಿ ನಡೆಯುವುದು ಇದೇ, ಆದರೆ ಇದಕ್ಕಿಂತ ಬಹಳ ಪ್ರಬಲವಾದ ಗಣಿತದಿಂದ. ಅಮೆರಿಕದ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ೧೯೬೦ರಲ್ಲಿ ಪ್ರಕಟಿಸಿದ ಸಂಕೇತವಿಧಾನವೇ ಇದಕ್ಕೆ ಆಧಾರ. ಸಂಗೀತದ ೨೪ ಬೈಟ್‌ಗಳಿಗೆ ೮ ಬೈಟ್‌ಗಳಂತೆ ಕಾವಲಿನ ಸಂಖ್ಯೆಗಳನ್ನು ಸೇರಿಸಿ, ಎಲ್ಲವನ್ನೂ ಜಾಡಿನ ಉದ್ದಕ್ಕೆ ಚದರಿಸಿ ಬರೆದಿರುತ್ತಾರೆ. ಇದರ ಬಲದಿಂದ ಜಾಡಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಭಾಗ ಪೂರ್ತಿ ಅಳಿಸಿಹೋದರೂ ಅದರಲ್ಲಿದ್ದ ಸಂಖ್ಯೆಗಳನ್ನು ಒಂದೂ ಬಿಡದಂತೆ ಮರಳಿ ಪಡೆಯಬಹುದು.

ತಿದ್ದುವುದು ಬೇರೆ, ಮುಚ್ಚುವುದು ಬೇರೆ

ಹಾನಿಯು ಈ ಮಿತಿಯನ್ನು ಮೀರಿದರೆ ಆಗುವುದೇನು? ಇಲ್ಲಿಯೇ ನಮ್ಮ ವಿಷಯದ ತಿರುಳಿದೆ. ತಿದ್ದಲು ಆಗದ ಮಾದರಿಯೊಂದು ಎದುರಾದಾಗ ಸಿ.ಡಿ. ನುಡಿಸುವ ಯಂತ್ರವು ನಿಲ್ಲುವುದಿಲ್ಲ, ಊಹಿಸುತ್ತದೆ. ೧೨೦, ೧೩೪, ಆಮೇಲೆ ಅಳಿಸಿಹೋದ ಒಂದು, ಆಮೇಲೆ ೧೬೦ ಎಂದು ಮಾದರಿಗಳು ಬಂದರೆ, ೧೩೪ ಮತ್ತು ೧೬೦ರ ನಡುವಣ ೧೪೭ನ್ನು ಆ ಜಾಗಕ್ಕೆ ಇಟ್ಟು ಮುಂದೆ ಸಾಗುತ್ತದೆ. ನಿಜವಾದ ಸಂಖ್ಯೆ ೧೫೧ ಇದ್ದಿರಬಹುದು, ೧೪೦ ಇದ್ದಿರಬಹುದು. ಕಿವಿಗೆ ಅದು ತಿಳಿಯುವುದಿಲ್ಲ. ಹಾನಿ ಇನ್ನೂ ಹೆಚ್ಚಾದರೆ ಆ ಭಾಗವನ್ನು ಮೌನವಾಗಿಸುತ್ತದೆ.

ನುಡಿಸುವ ಯಂತ್ರದಲ್ಲಿ ಇದು ದೊಡ್ಡ ಗುಣ. ಕಚೇರಿಯ ನಡುವೆ ಹಾಡು ನಿಂತುಹೋಗುವುದಕ್ಕಿಂತ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಊಹೆ ಬೆರೆತರೆ ತಪ್ಪೇನು? ಆದರೆ ನಕಲು ಮಾಡುವವನಿಗೆ ಇದೇ ಗುಣವು ದೋಷವಾಗಿ ಪರಿಣಮಿಸುತ್ತದೆ. ಹಸ್ತಪ್ರತಿಯೊಂದನ್ನು ನಕಲು ಮಾಡುವ ಲಿಪಿಕಾರನು ಹುಳು ತಿಂದ ಅಕ್ಷರದ ಜಾಗದಲ್ಲಿ ತನಗೆ ತೋಚಿದ್ದನ್ನು ಬರೆದು, ಹಾಗೆ ಬರೆದೆನೆಂದು ತಿಳಿಸದೆ ಹೋದರೆ, ಮುಂದಿನವರು ಅದನ್ನೇ ಮೂಲಪಾಠವೆಂದು ನಂಬುತ್ತಾರೆ. ಡ್ರೈವು ಮಾಡುವುದೂ ಅದನ್ನೇ. ಅಜಾಗರೂಕವಾದ ತಂತ್ರಾಂಶವು ಡ್ರೈವು ಕೊಟ್ಟದ್ದನ್ನೆಲ್ಲ ಪ್ರಶ್ನಿಸದೆ ಕಡತಕ್ಕೆ ತುಂಬಿ "ಮುಗಿಯಿತು" ಎನ್ನುತ್ತದೆ.

ಮನೆಯ ನಂಬರಿಲ್ಲದ ಬೀದಿ

ಇನ್ನೊಂದು ತೊಡಕುಂಟು. ಗಣಕದ ದತ್ತಾಂಶವನ್ನು ತುಂಬುವ ಸಿ.ಡಿ.ಯಲ್ಲಿ ೨,೩೫೨ ಬೈಟ್‌ಗಳ ಪ್ರತಿಯೊಂದು ಖಂಡದಲ್ಲಿಯೂ ೨,೦೪೮ ಬೈಟ್‌ಗಳು ಮಾತ್ರ ಉಪಯೋಗಕ್ಕೆ ಬರುತ್ತವೆ. ಉಳಿದ ಜಾಗದಲ್ಲಿ ಆ ಖಂಡದ ವಿಳಾಸವೂ ತಪ್ಪುಗಳನ್ನು ತಿದ್ದುವ ಇನ್ನೊಂದು ಕಾವಲೂ ಇರುತ್ತವೆ. ಸಂಗೀತದ ಸಿ.ಡಿ.ಯನ್ನು ರೂಪಿಸಿದವರು ಅದನ್ನು ಯಾರೋ ಮುಂದೊಂದು ದಿನ ಗಣಕಕ್ಕೆ ನಕಲು ಮಾಡಿಕೊಳ್ಳುವರೆಂದು ಯೋಚಿಸಿ ರೂಪಿಸಲಿಲ್ಲ. ಅದರಲ್ಲಿ ೨,೩೫೨ ಬೈಟ್‌ಗಳೂ ಸಂಗೀತವೇ. ವಿಳಾಸವು ಸಂಗೀತದ ಜೊತೆಗೆ ಬೆರೆಯದೆ ಬೇರೊಂದು ಸಣ್ಣ ಎಳೆಯಾಗಿ ಪಕ್ಕದಲ್ಲಿ ಹರಿಯುತ್ತದೆ. ಮನೆಗಳಿಗೆ ನಂಬರಿಲ್ಲದ ಬೀದಿಯಲ್ಲಿ, ಮೂಲೆಯಲ್ಲಿರುವ ಫಲಕವನ್ನು ನೋಡಿಕೊಂಡು ಮನೆಯನ್ನು ಹುಡುಕಿದ ಹಾಗೆ ಡ್ರೈವು ತಾನು ಓದಬೇಕಾದ ಸ್ಥಳವನ್ನು ಹುಡುಕುತ್ತದೆ. ಆದ್ದರಿಂದ ಒಮ್ಮೆ ನಿಲ್ಲಿಸಿ ಮತ್ತೆ ಓದತೊಡಗಿದಾಗ ಕೆಲವು ಮಾದರಿಗಳು ಬಿಟ್ಟುಹೋಗಬಹುದು, ಇಲ್ಲವೆ ಎರಡು ಬಾರಿ ಬರಬಹುದು.

ಇದಲ್ಲದೆ ಪ್ರತಿಯೊಂದು ಮಾದರಿಯ ಡ್ರೈವಿಗೂ ತನ್ನದೇ ಆದ ಒಂದು ಸ್ಥಿರವಾದ ಪಲ್ಲಟವಿರುತ್ತದೆ. ಒಂದು ಡ್ರೈವಿಗೆ ೬ ಮಾದರಿಗಳಷ್ಟು ಪಲ್ಲಟವಿದ್ದರೆ ಮತ್ತೊಂದಕ್ಕೆ ೬೬೭ ಇರಬಹುದು. ೬೬೭ ಮಾದರಿಗಳೆಂದರೆ ಸೆಕೆಂಡಿನ ಅರವತ್ತಾರನೆಯ ಒಂದು ಪಾಲು; ಕಿವಿಗೆ ಇದರಿಂದ ಬಾಧೆಯಿಲ್ಲ. ಆದರೆ ಇಬ್ಬರು ಮಾಡಿದ ನಕಲುಗಳನ್ನು ತಾಳೆ ನೋಡಬೇಕಾದರೆ ಈ ಪಲ್ಲಟವನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಒಳ್ಳೆಯ ತಂತ್ರಾಂಶದ ಲಕ್ಷಣಗಳು

ಇಷ್ಟನ್ನು ತಿಳಿದ ಮೇಲೆ ಒಳ್ಳೆಯ ತಂತ್ರಾಂಶವು ಏನು ಮಾಡಬೇಕೆಂಬುದನ್ನು ನಾವೇ ಹೇಳಬಹುದು. ಮೊದಲನೆಯದಾಗಿ, ಅದು ಒಂದೇ ಬಾರಿಯ ಓದನ್ನು ನಂಬಬಾರದು. ಪ್ರತಿಯೊಂದು ಭಾಗವನ್ನೂ ಎರಡು ಬಾರಿಯಾದರೂ ಓದಿ, ಎರಡೂ ಒಂದೇ ಆಗಿದ್ದರೆ ಮಾತ್ರ ಸ್ವೀಕರಿಸಬೇಕು. ಭಿನ್ನವಾಗಿದ್ದರೆ ಮತ್ತೆ ಮತ್ತೆ ಓದಬೇಕು. ಒಂದು ಓದಿನ ಕೊನೆಯೂ ಮುಂದಿನ ಓದಿನ ಮೊದಲೂ ಒಂದರ ಮೇಲೊಂದು ಬೀಳುವಂತೆ ಓದಿ, ಹರಿದ ಪತ್ರದ ಚೂರುಗಳನ್ನು ಅಕ್ಷರ ಕೂಡಿಸಿ ಅಂಟಿಸುವಂತೆ, ಎರಡರಲ್ಲಿಯೂ ಸಮಾನವಾದ ಮಾದರಿಗಳನ್ನು ಹುಡುಕಿ ಜೋಡಿಸಬೇಕು.

ಎರಡನೆಯದಾಗಿ, ಡ್ರೈವಿನ ನೆನಪಿಗೆ ಅದು ಮೋಸಹೋಗಬಾರದು. ಅನೇಕ ಡ್ರೈವುಗಳು ಒಮ್ಮೆ ಓದಿದುದನ್ನು ತಮ್ಮೊಳಗಿನ ಸಣ್ಣ ಸ್ಮೃತಿಕೋಶದಲ್ಲಿ ಇಟ್ಟುಕೊಂಡಿರುತ್ತವೆ. "ಮತ್ತೊಮ್ಮೆ ಓದು" ಎಂದರೆ ತಟ್ಟೆಯನ್ನು ನೋಡದೆ ಹಿಂದಿನ ಉತ್ತರವನ್ನೇ ಒಪ್ಪಿಸುತ್ತವೆ. ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡೆಂದರೆ ಬಾಯಿಪಾಠದಿಂದ ಹಳೆಯ ಉತ್ತರವನ್ನೇ ಹೇಳುವ ಹುಡುಗನ ಹಾಗೆ! ಬುದ್ಧಿವಂತ ತಂತ್ರಾಂಶವು ನಡುವೆ ಬೇರೆ ಭಾಗಗಳನ್ನು ಓದಿಸಿ ಆ ಸ್ಮೃತಿಕೋಶವನ್ನು ಬರಿದುಮಾಡಿ, ನಿಜವಾಗಿ ತಟ್ಟೆಯಿಂದಲೇ ಓದುವಂತೆ ಮಾಡುತ್ತದೆ.

ಮೂರನೆಯದಾಗಿ, ಅದು ತನ್ನ ಕೆಲಸದ ವರದಿಯನ್ನು ಬರೆದಿಡಬೇಕು. ಯಾವ ಡ್ರೈವು, ಎಷ್ಟು ಪಲ್ಲಟ, ಯಾವ ಹಾಡಿನ ಎಷ್ಟನೆಯ ಸೆಕೆಂಡಿನಲ್ಲಿ ತೊಂದರೆ, ಕೊನೆಗೆ ಪ್ರತಿಯೊಂದು ಹಾಡಿನ "ತಾಳೆಸಂಖ್ಯೆ" ಯಾವುದು—ಇವೆಲ್ಲ ಅದರಲ್ಲಿರಬೇಕು. ತಾಳೆಸಂಖ್ಯೆಯೆಂದರೆ ಕಡತದ ಎಲ್ಲ ಸಂಖ್ಯೆಗಳನ್ನೂ ಒಂದು ಗೊತ್ತಾದ ಕ್ರಮದಲ್ಲಿ ಗಣಿಸಿ ತೆಗೆದ ಚಿಕ್ಕದೊಂದು ಸಂಖ್ಯೆ. ಕೋಟ್ಯಂತರ ಮಾದರಿಗಳಲ್ಲಿ ಒಂದು ವ್ಯತ್ಯಾಸವಾದರೂ ತಾಳೆಸಂಖ್ಯೆ ಬೇರೆಯಾಗುತ್ತದೆ. ೩೨ ಬಿಟ್‌ಗಳ ತಾಳೆಸಂಖ್ಯೆಯು ೪೨೯ ಕೋಟಿಗೂ ಹೆಚ್ಚು ಬೆಲೆಗಳಲ್ಲಿ ಯಾವುದಾದರೂ ಒಂದಾಗಿರಬಹುದು. ತಪ್ಪು ನಕಲೊಂದು ಅಕಸ್ಮಾತ್ತಾಗಿ ಸರಿಯಾದ ತಾಳೆಸಂಖ್ಯೆಯನ್ನೇ ಕೊಡುವ ಸಂಭವ ಇಲ್ಲವೆಂದೇ ಹೇಳಬಹುದು.

ಲೋಕದ ಸಾಕ್ಷ್ಯ

ಆದರೆ ಚುರುಕಾದ ಓದುಗರು ಇಲ್ಲಿ ಒಂದು ಆಕ್ಷೇಪವನ್ನೆತ್ತಬಹುದು. ಅದೇ ಡ್ರೈವು, ಅದೇ ಗೀರು. ಎರಡು ಬಾರಿಯೂ ಅದೇ ಊಹೆಯನ್ನೇ ಮಾಡಿದರೆ? ಬಣ್ಣದ ಕನ್ನಡಕ ಹಾಕಿಕೊಂಡವನು ಎಷ್ಟು ಬಾರಿ ನೋಡಿದರೂ ಗೋಡೆ ಅದೇ ಬಣ್ಣದ್ದಾಗಿ ಕಾಣುತ್ತದೆ. ಈ ಆಕ್ಷೇಪ ನ್ಯಾಯವಾದುದು. ಇದಕ್ಕೆ ಪರಿಹಾರ ಮತ್ತೊಬ್ಬ ಸ್ವತಂತ್ರ ಸಾಕ್ಷಿಯನ್ನು ಕೇಳುವುದು.

ಒಂದೇ ಅಚ್ಚಿನಿಂದ ತೆಗೆದ ಸಾವಿರಾರು ಸಿ.ಡಿ.ಗಳು ಲೋಕದಲ್ಲೆಲ್ಲ ಹರಡಿರುತ್ತವೆ. ಬೇರೆ ಬೇರೆ ಊರುಗಳ ಜನರು ಬೇರೆ ಬೇರೆ ಡ್ರೈವುಗಳಿಂದ ಅವುಗಳನ್ನು ನಕಲು ಮಾಡಿ, ದೊರೆತ ತಾಳೆಸಂಖ್ಯೆಗಳನ್ನು ಒಂದು ಸಾಮಾನ್ಯ ಭಂಡಾರಕ್ಕೆ ಕಳುಹಿಸಿದರೆ, ನಮ್ಮ ತಾಳೆಸಂಖ್ಯೆಯನ್ನು ಅವುಗಳೊಂದಿಗೆ ಹೋಲಿಸಬಹುದು. ಹತ್ತು ಮಂದಿಯ ಹತ್ತು ಡ್ರೈವುಗಳು ಹತ್ತು ಬಗೆಯ ಗೀರುಗಳುಳ್ಳ ತಟ್ಟೆಗಳಿಂದ ಒಂದೇ ಸಂಖ್ಯೆಯನ್ನು ಕೊಟ್ಟು, ನಮ್ಮದೂ ಅದೇ ಆದರೆ, ಆ ನಕಲು ಸರಿಯೆಂಬುದರಲ್ಲಿ ಸಂಶಯಕ್ಕೆ ಎಡೆಯೆಲ್ಲಿ? ಆಕ್ಯುರೇಟ್‌ರಿಪ್ ಎಂಬ ಭಂಡಾರವು ಈ ಕೆಲಸವನ್ನು ಮಾಡುತ್ತದೆ. ಕ್ಯೂಟೂಲ್ಸ್ ಎಂಬ ತಂತ್ರಾಂಶದೊಡನೆ ಇರುವ ಮತ್ತೊಂದು ಭಂಡಾರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೀಡ್ ಮತ್ತು ಸಾಲೊಮನ್ನರ ಅದೇ ಗಣಿತದಿಂದ ರಚಿಸಿದ ಕಾವಲು ಸಂಖ್ಯೆಗಳನ್ನೂ ಇಟ್ಟುಕೊಂಡಿದೆ. ಹಾನಿ ಅಲ್ಪವಾಗಿದ್ದರೆ ನಮ್ಮ ನಕಲನ್ನು ಅವುಗಳಿಂದ ದುರಸ್ತಿ ಮಾಡಲೂಬಹುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಒಂದೇ ಸಂಗೀತವನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಅಚ್ಚುಗಳಿಂದ ತೆಗೆದಿದ್ದರೆ ಅವುಗಳ ತಾಳೆಸಂಖ್ಯೆಗಳು ಹೊಂದದೆ ಹೋಗಬಹುದು. ಆದ್ದರಿಂದ ಹೊಂದದ ಮಾತ್ರಕ್ಕೆ ನಕಲು ತಪ್ಪೆಂದು ತೀರ್ಮಾನಿಸಬಾರದು. ಎರಡನೆಯದು, ಯಾರೂ ಕಳುಹಿಸದಿದ್ದರೆ ಭಂಡಾರದಲ್ಲಿ ಏನೂ ಇರುವುದಿಲ್ಲ. ನಮ್ಮಲ್ಲಿ ಸಣ್ಣ ಪ್ರಮಾಣದಲ್ಲಿ ಹೊರಬಂದ ಭಾವಗೀತೆ, ದೇವರನಾಮ, ಹರಿಕಥೆ, ಯಕ್ಷಗಾನಗಳ ಸಿ.ಡಿ.ಗಳಿಗೆ ಅಲ್ಲಿ ಸಾಕ್ಷ್ಯ ದೊರೆಯದೆ ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅಂಥ ಸಂದರ್ಭದಲ್ಲಿ ಇಡೀ ತಟ್ಟೆಯನ್ನು ಎರಡು ಬಾರಿ ಓದಿ ತಾಳೆಸಂಖ್ಯೆಗಳನ್ನು ಹೋಲಿಸಬೇಕು. ಸಾಧ್ಯವಾದರೆ ಎರಡನೆಯ ಬಾರಿ ಮತ್ತೊಬ್ಬರ ಡ್ರೈವಿನಲ್ಲಿ ಓದಿಸಬೇಕು. ಹಾಗೆ ಮಾಡಿ ತಮ್ಮ ಫಲಿತಾಂಶವನ್ನು ಭಂಡಾರಕ್ಕೆ ಕಳುಹಿಸಿದವರು ಮುಂದಿನವರಿಗೆ ಸಾಕ್ಷಿಯಾಗುತ್ತಾರೆ.

ಯಾವ ತಂತ್ರಾಂಶ?

ಈ ಲಕ್ಷಣಗಳನ್ನು ಮುಂದಿಟ್ಟುಕೊಂಡು ಈಗ ಆಯ್ಕೆಗೆ ಬರೋಣ. ವಿಂಡೋಸ್ ಗಣಕಗಳಲ್ಲಿ ಬಹುಕಾಲದಿಂದ ಹೆಸರಾದುದು ಎಗ್ಸಾಕ್ಟ್ ಆಡಿಯೊ ಕಾಪಿ. ಜರ್ಮನಿಯ ಆಂಡ್ರೆ ವೀಟ್‌ಹೋಫ್ ಇದರ ಕರ್ತೃ. ಸ್ವಂತದ ಬಳಕೆಗೆ ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದರ ಸುರಕ್ಷಿತ ಕ್ರಮದಲ್ಲಿ ಪ್ರತಿಯೊಂದು ಖಂಡವನ್ನೂ ಎರಡು ಬಾರಿಯಾದರೂ ಓದಲಾಗುತ್ತದೆ. ಭಿನ್ನತೆ ಕಂಡರೆ ಹದಿನಾರು ಓದುಗಳಲ್ಲಿ ಎಂಟು ಒಂದೇ ಆಗುವ ತನಕ ಓದುತ್ತದೆ. ತೀರ ಕೆಟ್ಟ ಖಂಡವೊಂದನ್ನು ೮೨ ಬಾರಿಯವರೆಗೂ ಓದುವುದುಂಟು. ಮೊದಲ ಸಲ ಇದನ್ನು ಅಣಿಗೊಳಿಸಲು ಸ್ವಲ್ಪ ತಾಳ್ಮೆ ಬೇಕು. ಹಣ ಕೊಟ್ಟು ಕೊಳ್ಳಲು ಸಿದ್ಧರಿರುವವರಿಗೆ ಡಿಬಿಪವರ್‌ಆಂಪ್ ಇದೆ. ಅದು ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲಿಯೂ ನಡೆಯುತ್ತದೆ, ಬಳಸುವುದೂ ಸುಲಭ. ಮ್ಯಾಕ್ ಗಣಕಗಳಿಗೆ ಎಕ್ಸ್‌ಎಲ್‌ಡಿ ಎಂಬುದು ಉಚಿತವಾಗಿ ದೊರೆಯುತ್ತದೆ. ಲಿನಕ್ಸ್ ಬಳಸುವವರಿಗೆ, ಕ್ರಿಸ್ಟೊಫರ್ ಮಾಂಟ್‌ಗೊಮರಿಯವರು ಬರೆದ ಸಿಡಿಪ್ಯಾರನೋಯ ಎಂಬ ಓದುವ ಸಾಧನವೂ, ಅದನ್ನು ಆಧಾರವಾಗಿಟ್ಟುಕೊಂಡು ಭಂಡಾರದೊಡನೆ ತಾಳೆ ನೋಡುವ ವಿಪ್ಪರ್ ಎಂಬ ತಂತ್ರಾಂಶವೂ ಇವೆ. ಹೆಸರೇ ಹೇಳುವಂತೆ ಸಿಡಿಪ್ಯಾರನೋಯವು ಸಂದೇಹಪ್ರಕೃತಿಯದು. ಡ್ರೈವು ಹೇಳಿದ್ದನ್ನು ಅದು ಸುಲಭವಾಗಿ ನಂಬುವುದಿಲ್ಲ! ಜೀವನದಲ್ಲಿ ದುರ್ಗುಣವೆನಿಸುವ ಸಂದೇಹವು ಇಲ್ಲಿ ಸದ್ಗುಣ.

ಗಣಕದೊಂದಿಗೇ ಬರುವ ಸಂಗೀತದ ತಂತ್ರಾಂಶಗಳು ಸರಳವಾದುವು, ವೇಗವಾದುವು. ಹೊಚ್ಚ ಹೊಸದಾದ, ಒಂದೂ ಗೀರಿಲ್ಲದ ಸಿ.ಡಿ.ಯಾದರೆ ಅವುಗಳಿಂದಲೂ ಸರಿಯಾದ ನಕಲೇ ದೊರೆಯುವ ಸಂಭವ ಹೆಚ್ಚು. ಅವುಗಳಲ್ಲಿ ಕೆಲವಕ್ಕೆ ತಪ್ಪು ತಿದ್ದುವ ಕ್ರಮವೂ ಉಂಟು. ಅದನ್ನು ನಾವಾಗಿ ಆರಿಸಿಕೊಳ್ಳಬೇಕು. ಆದರೆ ಭಂಡಾರದೊಡನೆ ತಾಳೆ ನೋಡಿ, ಹಾಡು ಹಾಡಿಗೂ ವರದಿ ಕೊಡುವ ಕೆಲಸವನ್ನು ಅವು ಮಾಡುವುದಿಲ್ಲ. ಅವಸರಕ್ಕೆ ಅವು ಸಾಕು, ಮೂಲವನ್ನು ಕೈಬಿಡುವುದಕ್ಕೆ ಸಾಲವು.

ಯಾವ ರೂಪದಲ್ಲಿ ಇಡಬೇಕು?

ಓದಿದ ಸಂಖ್ಯೆಗಳನ್ನು ಹಾಗೆಯೇ ಇಟ್ಟರೆ ೭೪ ನಿಮಿಷಗಳ ಸಂಗೀತಕ್ಕೆ ಸುಮಾರು ೭೮ ಕೋಟಿ ಬೈಟ್‌ಗಳು ಬೇಕು. ಇದನ್ನು ಚಿಕ್ಕದು ಮಾಡುವ ಮಾರ್ಗಗಳು ಎರಡು. ಒಂದು ಎಂಪಿ೩ ಎಂಬ ರೂಪದ ಮಾರ್ಗ. ಜೋರಾದ ಸ್ವರವೊಂದು ತನ್ನ ನೆರೆಯ ಮೆಲುಸ್ವರವನ್ನು ಕಿವಿಗೆ ಕೇಳದಂತೆ ಮುಚ್ಚುತ್ತದೆ. ಹೀಗೆ ಕೇಳಿಸದವುಗಳನ್ನು ಎಸೆದುಬಿಡಬಹುದೆಂಬುದು ಅದರ ತತ್ತ್ವ. ಸೆಕೆಂಡಿಗೆ ೧೨೮ ಸಾವಿರ ಬಿಟ್‌ಗಳಿಗೆ ಇಳಿಸಿದರೆ ಕಡತವು ಮೂಲದ ಹನ್ನೊಂದರಲ್ಲೊಂದು ಪಾಲಾಗುತ್ತದೆ. ಆದರೆ ಎಸೆದದ್ದು ಎಸೆದದ್ದೇ. ಹಿಂಡಿದ ಸಿಪ್ಪೆಯಿಂದ ಮತ್ತೆ ಕಬ್ಬನ್ನು ಮಾಡಲಾರೆವು.

ಎರಡನೆಯದು ನಷ್ಟವಿಲ್ಲದ ಮಾರ್ಗ. ಇದರಲ್ಲಿ ಪ್ರಸಿದ್ಧವಾದುದು ಫ್ಲ್ಯಾಕ್. ಜಾಷ್ ಕೋಲ್ಸನ್ ಎಂಬವರು ಆರಂಭಿಸಿದ ಇದರ ಮೊದಲ ಪೂರ್ಣ ಆವೃತ್ತಿ ೨೦೦೧ರಲ್ಲಿ ಹೊರಬಂದಿತು. ೧೨೦, ೧೩೪, ೧೪೭, ೧೬೦ ಎಂದು ಬರೆಯುವ ಬದಲು, ಮೊದಲನೆಯ ೧೨೦ನ್ನೂ ಆಮೇಲಿನ ಏರಿಕೆಗಳಾದ ೧೪, ೧೩, ೧೩ನ್ನೂ ಬರೆದರೆ ಸಾಲದೆ? ಸಣ್ಣ ಸಂಖ್ಯೆಗಳಿಗೆ ಕಡಮೆ ಜಾಗ ಸಾಕು. ಬೇಕಾದಾಗ ಕೂಡಿಕೊಂಡು ಹೋದರೆ ಮೂಲಸಂಖ್ಯೆಗಳು ಒಂದೂ ತಪ್ಪದೆ ಮರಳಿ ಬರುತ್ತವೆ. ಮುಂದಿನ ಮಾದರಿಯನ್ನು ಹಿಂದಿನವುಗಳಿಂದ ಅಂದಾಜುಮಾಡಿ, ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆಯುವುದೇ ಫ್ಲ್ಯಾಕಿನ ಗುಟ್ಟು. ಕಡತವು ಸಾಮಾನ್ಯವಾಗಿ ಮೂಲದ ಅರ್ಧದಿಂದ ಮೂರರಲ್ಲಿ ಎರಡು ಪಾಲಿನಷ್ಟಾಗುತ್ತದೆ. ಇದರ ಜೊತೆಗೆ ಪ್ರತಿಯೊಂದು ಕಡತದ ತಲೆಯಲ್ಲಿಯೂ ಒಳಗಿನ ಸಂಗೀತದ ತಾಳೆಸಂಖ್ಯೆಯನ್ನು ಬರೆದಿಡುವುದರಿಂದ, ಹತ್ತು ವರ್ಷಗಳ ಮೇಲೂ ಕಡತವು ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. ಆದಕಾರಣ ಮೂಲಪ್ರತಿಯನ್ನು ಫ್ಲ್ಯಾಕಿನಲ್ಲಿಟ್ಟು, ಫೋನಿನಲ್ಲಿ ಕೇಳಲು ಬೇಕಾದಾಗ ಅದರಿಂದ ಎಂಪಿ೩ ಮಾಡಿಕೊಳ್ಳುವುದು ವಿವೇಕ. ಆಪಲ್ ಸಾಧನಗಳನ್ನೇ ಬಳಸುವವರು ಆ ಸಂಸ್ಥೆಯ ನಷ್ಟವಿಲ್ಲದ ರೂಪವಾದ ಎಎಲ್‌ಎಸಿಯಲ್ಲಿ ಇಡಬಹುದು; ಗುಣದಲ್ಲಿ ಭೇದವಿಲ್ಲ.

ಹಾಡುಗಳ ಹೆಸರಿನ ಬಗ್ಗೆ ಒಂದು ಮಾತು. ಸಾಮಾನ್ಯವಾದ ಸಿ.ಡಿ.ಯಲ್ಲಿ ಹಾಡಿನ ಹೆಸರಾಗಲಿ ಗಾಯಕರ ಹೆಸರಾಗಲಿ ಬರೆದಿರುವುದಿಲ್ಲ. ಎಷ್ಟು ಹಾಡುಗಳಿವೆ, ಒಂದೊಂದು ಎಲ್ಲಿ ಮೊದಲಾಗುತ್ತದೆ ಎಂಬ ಪಟ್ಟಿಯನ್ನೇ ಬೆರಳಚ್ಚಿನಂತೆ ಬಳಸಿ, ತಂತ್ರಾಂಶವು ಮ್ಯೂಸಿಕ್‌ಬ್ರೇನ್ಸ್ ಮೊದಲಾದ ಸಾರ್ವಜನಿಕ ಕೋಶಗಳಲ್ಲಿ ಹೆಸರುಗಳನ್ನು ಹುಡುಕುತ್ತದೆ. ಅಲ್ಲಿ ಇಲ್ಲದಿದ್ದರೆ ನಾವೇ ತುಂಬಬೇಕು. ಎಂಪಿ೩ರ ಅತ್ಯಂತ ಹಳೆಯ ಪದ್ಧತಿಯಲ್ಲಿ ಒಂದು ಹೆಸರಿಗೆ ೩೦ ಬೈಟ್‌ಗಳಷ್ಟೇ ಜಾಗ. ಯೂನಿಕೋಡ್ ಬರಹದಲ್ಲಿ ಕನ್ನಡದ ಒಂದೊಂದು ವರ್ಣಕ್ಕೂ ಚಿಹ್ನೆಗೂ ಸಾಮಾನ್ಯವಾಗಿ ಮೂರು ಬೈಟ್‌ಗಳು ಬೇಕಾಗುವುದರಿಂದ ಹತ್ತಕ್ಕೇ ಅದು ಮುಗಿದುಹೋಗುತ್ತದೆ. ಫ್ಲ್ಯಾಕಿನಲ್ಲಿ ಈ ತೊಡಕಿಲ್ಲ. ರಾಗ, ತಾಳ, ಪಕ್ಕವಾದ್ಯದವರ ಹೆಸರು ಎಲ್ಲವನ್ನೂ ಕನ್ನಡ ಲಿಪಿಯಲ್ಲಿಯೇ ಬರೆದಿಡಬಹುದು.

ಮಾಡತಕ್ಕ ಕ್ರಮ

ಕೊನೆಯದಾಗಿ, ಕೆಲಸಕ್ಕೆ ಕೈಹಾಕುವವರಿಗೆ ಕೆಲವು ಸೂಚನೆಗಳು. ತಟ್ಟೆಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತು ಹಾಕಿ ಒರೆಸಿದರೆ ಆಗುವ ಗೀರು ಜಾಡಿನ ಉದ್ದಕ್ಕೇ ಬಿದ್ದು ಹೆಚ್ಚು ಹಾನಿಮಾಡುತ್ತದೆ. ಹೆಸರು ಅಚ್ಚಾಗಿರುವ ಮುಖವೇ ನಿಜವಾಗಿ ನಾಜೂಕಾದುದೆಂಬುದನ್ನು ಮರೆಯಬಾರದು. ಲೋಹದ ಲೇಪವಿರುವುದು ಅದರ ಕೆಳಗೇ. ಓದುವ ಮುಖದ ಗೀರನ್ನು ಕೆಲವೊಮ್ಮೆ ಉಜ್ಜಿ ನಯಮಾಡಬಹುದು, ಲೇಪವೇ ಕಿತ್ತುಹೋದರೆ ಮರಳಿ ತರುವುದು ಯಾರಿಂದಲೂ ಸಾಧ್ಯವಿಲ್ಲ. ಗೀರು ಬಿದ್ದ ತಟ್ಟೆಯನ್ನು ಕಡಮೆ ವೇಗದಲ್ಲಿ ಓದಿಸಿ ನೋಡಬೇಕು. ಒಂದು ಡ್ರೈವಿಗೆ ಒಲಿಯದ್ದು ಮತ್ತೊಂದಕ್ಕೆ ಒಲಿಯುವುದುಂಟು. ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳಿದ್ದರೆ ಅವುಗಳನ್ನೇ ಮೊದಲು ನಕಲು ಮಾಡಬೇಕು. ಅವುಗಳಲ್ಲಿ ಕುಳಿಗಳ ಬದಲು ಇರುವುದು ಬಣ್ಣದ ಪದರ. ಅದು ಬಿಸಿಲು ಮತ್ತು ಸೆಕೆಗಳಿಗೆ ಮಾಸುತ್ತದೆ. ತಂಗಿಯ ಹಾಡಿನ ಸ್ಪರ್ಧೆಯೋ ಅಜ್ಜನ ಮಾತೋ ಅದರಲ್ಲಿದ್ದರೆ, ಅದರ ಮತ್ತೊಂದು ಪ್ರತಿ ಲೋಕದಲ್ಲಿ ಎಲ್ಲಿಯೂ ಇಲ್ಲ. ಇನ್ನು, ಕೊಂಡ ಸಿ.ಡಿ.ಯ ನಕಲನ್ನು ಸ್ವಂತದ ಉಪಯೋಗಕ್ಕೆ ಇಟ್ಟುಕೊಳ್ಳುವುದು ಬೇರೆ, ಊರಿಗೆಲ್ಲ ಹಂಚುವುದು ಬೇರೆ. ಎರಡನೆಯದು ಕಲಾವಿದರಿಗೆ ಮಾಡುವ ಅನ್ಯಾಯ, ಕಾನೂನಿಗೂ ವಿರೋಧ.

ನಕಲು ಮುಗಿದ ಮೇಲೆ ವರದಿಯನ್ನು ಓದಬೇಕು. ಪ್ರತಿಯೊಂದು ಹಾಡಿನ ಮುಂದೆಯೂ ಭಂಡಾರದೊಡನೆ ಹೊಂದಿತೆಂದೋ ಎರಡು ಓದುಗ‍ಳ ತಾಳೆಸಂಖ್ಯೆ ಒಂದೇ ಎಂದೋ ಬರೆದಿದ್ದರೆ, ಆ ವರದಿಯನ್ನು ಕಡತಗಳ ಜೊತೆಯಲ್ಲಿಯೇ ಇಡಬೇಕು. ಎಲ್ಲದರ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡಬೇಕು. ತೊಂದರೆ ಕಂಡ ಹಾಡೊಂದಿದ್ದರೆ ಅದರ ಸಮಯವನ್ನು ನೋಡಿಕೊಂಡು ಆ ಭಾಗವನ್ನು ಕಿವಿಗೊಟ್ಟು ಕೇಳಬೇಕು, ತಟ್ಟೆಯನ್ನು ಒರೆಸಿ ಮತ್ತೊಮ್ಮೆ ಓದಿಸಬೇಕು. ನಾವು ಮೊದಲಿಗೆ ಕಂಡ ವಿದ್ಯಾರ್ಥಿಯು ಇಷ್ಟನ್ನು ಮಾಡಿದ್ದರೆ ಅವನಿಗೆ ಒಂದು ಭಾನುವಾರದ ಬದಲು ನಾಲ್ಕು ಭಾನುವಾರಗಳು ಹಿಡಿಯುತ್ತಿದ್ದುವು. ಆದರೆ ಆಲಾಪನೆಯ ಆ ಒಂದು ಕ್ಷಣ ಕೆಟ್ಟಿದೆಯೆಂಬುದು, ಸಿ.ಡಿ. ಇನ್ನೂ ಕೈಯಲ್ಲಿರುವಾಗಲೇ ಅವನಿಗೆ ತಿಳಿಯುತ್ತಿತ್ತು.